ಆರದ ಒಲೆಯ ವಳ್ಳಲಾರ್

ಹಸಿದವರಿಗೆ ಊಟ ಬಡಿಸುವ ಸೇವೆಯಲ್ಲಿ ತೊಡಗಿರುವ ನಾವೆಲ್ಲ ನೆನೆಯಬೇಕಾದ ಹಿರಿಯರು ರಾಮಲಿಂಗ ಸ್ವಾಮಿಗಳು. ತಮಿಳುನಾಡಿನ ಜನ ಇವರನ್ನು ಪ್ರೀತಿಯಿಂದ ವಳ್ಳಲಾರ್, ಅಂದರೆ ಮಹಾದಾನಿ, ಎನ್ನುತ್ತಾರೆ.

1823ರ ಅಕ್ಟೋಬರ್ 5ರಂದು ಚಿದಂಬರದ ಸಮೀಪದ ಮರುದೂರಿನಲ್ಲಿ ಜನಿಸಿದರು. ಎಳೆಯ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಚೆನ್ನೈನಲ್ಲಿ ಅಣ್ಣನ ಆಶ್ರಯದಲ್ಲಿ ಬೆಳೆದರು. ಇವರು ರಚಿಸಿದ ಸಾವಿರಾರು ಭಕ್ತಿಪದ್ಯಗಳು ‘ತಿರುವರುಟ್ಪಾ’ ಎಂದು ಪ್ರಸಿದ್ಧವಾಗಿವೆ. ಆದರೆ ಜೀವಿಗಳ ಹಸಿವು ನೀಗಿಸುವುದೇ ನಿಜವಾದ ದೇವರ ಪೂಜೆ ಎಂಬುದು ಇವರ ದೃಢ ನಂಬಿಕೆ.

1867ರ ಮೇ 23ರಂದು ವಡಲೂರಿನಲ್ಲಿ ಸತ್ಯ ಧರ್ಮ ಶಾಲೆಯನ್ನು ತೆರೆದರು. ಜಾಗ ಕೊಟ್ಟವರು ಅಲ್ಲಿನ ಊರಿನವರೇ. ಜಾತಿ, ಮತ ಕೇಳದೆ ಬಂದವರಿಗೆಲ್ಲ ಊಟ. ಹಸಿವೊಂದೇ ಅರ್ಹತೆ.

1874ರ ಜನವರಿ 30ರಂದು ಮೇಟ್ಟುಕುಪ್ಪಂನಲ್ಲಿ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ಯಾರಿಗೂ ಕಾಣಿಸಲಿಲ್ಲ. ಶಾಲೆಗೆ ಆಗಿನ್ನೂ 7 ವರ್ಷ ತುಂಬಿರಲಿಲ್ಲ. 1876ರಲ್ಲಿ ಘೋರ ಕ್ಷಾಮ ಬಂತು. ನಮ್ಮ ಮೈಸೂರು ಸೀಮೆಯನ್ನೂ ಕಾಡಿದ ಧಾತು ಈಶ್ವರ ಬರಗಾಲ ಇದೇ. ಗುರುಗಳಿರಲಿಲ್ಲ, ಧರ್ಮಶಾಲೆ ಉಳಿಯಿತು. ಅವರು ಅಂದು ಹೊತ್ತಿಸಿದ ಒಲೆಯನ್ನು ಆರಲು ಬಿಡದೆ, ಭಕ್ತರು ಕೊಡುವ ಅಕ್ಕಿ, ತರಕಾರಿಯಿಂದ ಅಲ್ಲಿ ಇಂದಿಗೂ ದಿನವೂ ಅನ್ನದಾನ ನಡೆಯುತ್ತಿದೆ.

ಒಲೆ ಹೊತ್ತಿಸಲು ಒಬ್ಬ ಪುಣ್ಯಾತ್ಮ ಸಾಕು. ಆರದಂತೆ ನೋಡಿಕೊಳ್ಳಲು ಹತ್ತು ಜನ ಬೇಕು. ಮೊದಲ ವಾರ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಳಿ, ಮಕ್ಕಳ ಪರೀಕ್ಷೆ, ಆಫೀಸಿನ ಡೆಡ್‌ಲೈನ್ ಬಂದಾಗ ಕೈಗಳು ಕಡಿಮೆಯಾಗುತ್ತವೆ. ಹಸಿವು ಮಾತ್ರ ರಜೆ ಹಾಕುವುದಿಲ್ಲ. ಬಂಧುಗಳೇ, ಸೌಟು ಹಿಡಿಯುವ ನಮ್ಮ ಸರದಿಯನ್ನು ನಾವು ತಪ್ಪಿಸದಿರೋಣ.