ಎ. ಎನ್. ಮೂರ್ತಿರಾವ್: ಸಾಕ್ರೆಟೀಸನ ಕಥನ ಮತ್ತು ದೇವರ ಪ್ರಶ್ನೆ

ಪ್ರಾಚೀನ ಗ್ರೀಕ್ ತತ್ತ್ವಚಿಂತನೆಯನ್ನು ಕನ್ನಡಕ್ಕೆ ಪರಿಚಯಿಸಿದವರಲ್ಲಿ ಅಕ್ಕಿಹೆಬ್ಬಾಳು ನರಸಿಂಹ ಮೂರ್ತಿರಾವ್ (1900–2003) ಪ್ರಮುಖರು. ಹೇಮಾವತಿ ನದೀತೀರದ ಅಕ್ಕಿಹೆಬ್ಬಾಳು ಅವರ ಹುಟ್ಟೂರು. ಕೃಷ್ಣರಾಜಪೇಟೆ ತಾಲ್ಲೂಕಿನ ಈ ಗ್ರಾಮವು 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ ಅದಕ್ಕೆ ಸೇರಿತು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅವರು ಇಂಗ್ಲಿಷ್ ಅಧ್ಯಾಪಕರಾದರು. ‘ಹಗಲುಗನಸುಗಳು’ (1937) ಅವರಿಗೆ ಲಲಿತಪ್ರಬಂಧಕಾರರೆಂಬ ಕೀರ್ತಿ ತಂದಿತು. ಮೋಲಿಯೇರನ ನಾಟಕವನ್ನು ‘ಆಷಾಢಭೂತಿ’ಯಾಗಿ ರೂಪಾಂತರಿಸಿ ಧಾರ್ಮಿಕ ಸೋಗನ್ನು ನಗೆಗೀಡುಮಾಡಿದರು. 1954ರಿಂದ 1956ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. ‘ಚಿತ್ರಗಳು ಪತ್ರಗಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು.

ಅವರ ಅನುವಾದಗಳಲ್ಲಿ ‘ಸಾಕ್ರೆಟೀಸನ ಕೊನೆಯ ದಿನಗಳು’ ವಿಶೇಷ ಗಮನಕ್ಕೆ ಅರ್ಹವಾದುದು. ನಗರದ ದೇವತೆಗಳನ್ನು ಒಪ್ಪದವನು, ಯುವಕರನ್ನು ಕೆಡಿಸುವವನು ಎಂಬ ಆರೋಪದ ಮೇಲೆ ಕ್ರಿ.ಪೂ. 399ರಲ್ಲಿ ಅಥೆನ್ಸ್ ನಗರವು ಸಾಕ್ರೆಟೀಸನಿಗೆ ಮರಣದಂಡನೆ ವಿಧಿಸಿತು. ಆ ವಿಚಾರಣೆ ಮತ್ತು ವಿಷಪಾನದ ಕಥನ ಪ್ಲೇಟೋನ ಸಂವಾದಗಳಲ್ಲಿ ಉಳಿದುಬಂದಿದೆ. ‘ಫೀಡೋ’ ಸಂವಾದದಲ್ಲಿ ಸಾಕ್ರೆಟೀಸ್ ಸಾವಿನ ದಿನವೂ ಆತ್ಮದ ಅಮರತ್ವವನ್ನು ಚರ್ಚಿಸುತ್ತಾನೆ. ಶಿಷ್ಯರ ಆಕ್ಷೇಪಗಳನ್ನು ತಾನೇ ಕೇಳಿ ಪಡೆಯುತ್ತಾನೆ. ಈ ಚಿಂತನೆಯನ್ನು ಕನ್ನಡದಲ್ಲಿ ನಿರೂಪಿಸುವವರಿಗೆ ಒಂದು ತೊಡಕಿದೆ. ‘ಆತ್ಮ’ ಎಂಬ ಪದವು ಉಪನಿಷತ್ತುಗಳ ಅರ್ಥಭಾರವನ್ನು ಹೊತ್ತಿದೆ. ಗ್ರೀಕರ ‘ಪ್ಸೂಖೆ’ ಅದಕ್ಕೆ ಪೂರ್ಣವಾಗಿ ಸಮಾನವಲ್ಲ.

ಇದರೊಡನೆ ಓದಬೇಕಾದ ಕೃತಿ 1991ರಲ್ಲಿ ಪ್ರಕಟವಾದ ‘ದೇವರು’. ಆಗ ಮೂರ್ತಿರಾಯರು ತೊಂಬತ್ತು ದಾಟಿದ್ದರು. ಮಧ್ಯಯುಗದ ಯೂರೋಪಿನಲ್ಲಿ ಅನ್ಸೆಲ್ಮ್, ಥಾಮಸ್ ಅಕ್ವಿನಾಸ್ ಮೊದಲಾದವರು ದೇವರ ಅಸ್ತಿತ್ವವನ್ನು ತರ್ಕದಿಂದ ಸಾಧಿಸಲು ಯತ್ನಿಸಿದ್ದರು. ಮೂರ್ತಿರಾಯರು ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು ವಿರುದ್ಧ ನಿರ್ಣಯಕ್ಕೆ ಬಂದರು. ಸರ್ವಶಕ್ತನೂ ಕರುಣಾಮಯನೂ ಆದ ದೇವರಿದ್ದರೆ ಲೋಕದಲ್ಲಿ ಇಷ್ಟು ಸಂಕಟವೇಕೆ ಎಂಬ ಪುರಾತನ ಸಂದೇಹ ಅವರನ್ನು ಬಿಡಲಿಲ್ಲ. ಆಸ್ತಿಕರ ನಂಬಿಕೆಯನ್ನು ಹೀಗಳೆಯದೆ, ಪ್ರಬಂಧಕಾರನ ಸೌಜನ್ಯದಿಂದಲೇ ಅವರು ತಮ್ಮ ನಿರಾಕರಣೆಯನ್ನು ಮಂಡಿಸಿದರು.

ಆತ್ಮ ಅಮರವೆಂದು ವಾದಿಸಿದ ಸಾಕ್ರೆಟೀಸನ ಕಥನವನ್ನು ಕನ್ನಡಕ್ಕೆ ತಂದವರೇ ದೇವರನ್ನು ನಿರಾಕರಿಸಿದ್ದು ಮೇಲ್ನೋಟಕ್ಕೆ ವಿರೋಧಾಭಾಸವಾಗಿ ತೋರಬಹುದು. ಆದರೆ ಇಬ್ಬರಿಗೂ ಸಮಾನವಾದುದು ವಿಚಾರದ ಮಾರ್ಗ: ಯಾವ ನಂಬಿಕೆಯನ್ನೂ ಪರೀಕ್ಷಿಸದೆ ಸ್ವೀಕರಿಸಬಾರದು, ಮರಣ ಸಮೀಪಿಸಿದಾಗಲೂ ಆ ಪರೀಕ್ಷೆಯನ್ನು ನಿಲ್ಲಿಸಬಾರದು. ತತ್ತ್ವಶಾಸ್ತ್ರದ ಈ ಪರೀಕ್ಷಕ ಬುದ್ಧಿಯನ್ನು ಸಾಮಾನ್ಯ ಓದುಗನ ಕನ್ನಡದಲ್ಲಿ ಅಭಿವ್ಯಕ್ತಿಸಬಹುದೆಂದು ತೋರಿಸಿದ್ದು ಮೂರ್ತಿರಾಯರ ಮುಖ್ಯ ಕೊಡುಗೆ.