ಕೆಮ್ಮಣ್ಣಿಗೆ ಬೆಲೆ ತಂದ ದಿವಾನರು

ತರೀಕೆರೆ ಕಡೆಯವರಿಗೆ ಕೆಮ್ಮಣ್ಣುಗುಂಡಿ ಅಂದರೆ ಇವತ್ತು ತಂಪು ಹವೆ, ಗಿರಿಧಾಮ, ರಜಾದಿನದ ಕಾರುಗಳ ಸಾಲು. ಆದರೆ ಇದೇ ಗುಂಡಿಯ ಕೆಂಪು ಅದಿರು ಒಂದು ಕಾಲಕ್ಕೆ ಪಕ್ಕದ ಭದ್ರಾವತಿಗೆ ಅನ್ನ ಹಾಕಿತು. ಅದಕ್ಕೆ ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ.

ಇವರ ಹಿರಿಯರು ಈ ಸೀಮೆಯವರಲ್ಲ. ಆಂಧ್ರದ ಮೋಕ್ಷಗುಂಡಂನಿಂದ ವಲಸೆ ಬಂದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ನೆಲೆ ನಿಂತವರು. ತಂದೆ ಬೇಗ ತೀರಿಕೊಂಡರು. ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರ್ ಆದ. 1884ರಲ್ಲಿ ಮುಂಬಯಿ ಸರ್ಕಾರದ ನೌಕರಿ ಸಿಕ್ಕಿತು. ಖಡಕವಾಸ್ಲಾ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ಹೆಸರು ತಂದವು.

1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದವರು 1912ರಲ್ಲಿ ದಿವಾನರೇ ಆದರು. ಸ್ಥಳೀಯ ಆಡಳಿತದಲ್ಲಿ ಚುನಾಯಿತರಿಗೆ ಜಾಗ ಹೆಚ್ಚಬೇಕೆಂಬುದು ಅವರ ಒಲವು. ಕಡೂರು ಆಗ ಜಿಲ್ಲೆಯ ಹೆಸರು, ಚಿಕ್ಕಮಗಳೂರು ಅದರ ಕೇಂದ್ರ. ತಾಲ್ಲೂಕು ಬೋರ್ಡು, ಪುರಸಭೆಗಳ 1918ರ ಕಾಯ್ದೆಗಳು ಅವರ ಕಾಲದವೇ. ಕಡೂರು, ತರೀಕೆರೆಯಂಥ ಊರುಗಳಿಗೂ ಅವು ತಟ್ಟಿದವು.

ಆದರೆ ಅದೇ ವರ್ಷ ಅವರು ಹುದ್ದೆ ಬಿಟ್ಟರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡಬೇಕೆಂಬ ಕೂಗಿಗೆ ಮಹಾರಾಜರು ಓಗೊಟ್ಟಿದ್ದರು. ದಿವಾನರಿಗೆ ಅದು ಹಿಡಿಸಲಿಲ್ಲ. ಅವರ ಮೇಲಿನ ಈ ಟೀಕೆ ಇಂದಿಗೂ ನಿಂತಿಲ್ಲ.

ಹುದ್ದೆ ಹೋದರೂ ಕಬ್ಬಿಣದ ಕನಸು ಬಿಡಲಿಲ್ಲ. ಬೆಂಕಿಪುರ ಎಂದಿದ್ದ ಭದ್ರಾವತಿಯಲ್ಲಿ ಕಾರ್ಖಾನೆ ಎದ್ದಿತು. ಕೆಮ್ಮಣ್ಣುಗುಂಡಿ ಬೆಟ್ಟದ ಅದಿರು, ಕಾಡಿನ ಇದ್ದಿಲು, ಹತ್ತಿರದ ಸುಣ್ಣಕಲ್ಲು. ಅದಿರು ರೋಪ್‌ವೇ ತೊಟ್ಟಿಗಳಲ್ಲಿ ಇಳಿದು ಟ್ರಾಂ ಗಾಡಿ ಹತ್ತುತ್ತಿತ್ತು. 1923ರಲ್ಲಿ ಕುಲುಮೆ ಹೊತ್ತಿತು. ಆದರೆ ಯುದ್ಧಾನಂತರ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟವೋ ನಷ್ಟ. ಬಿಳಿ ಆನೆ ಅಂತ ಜನ ಹಂಗಿಸಿದರು. ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾಗಿ ಬಂದು ಖರ್ಚು ಹಿಡಿದು, 1929ರವರೆಗೆ ನಿಂತು ಕಾರ್ಖಾನೆಯನ್ನು ದಡ ಸೇರಿಸಿದರು. 1936ರಲ್ಲಿ ಉಕ್ಕೂ ಬಂತು.

1955ರಲ್ಲಿ ಭಾರತರತ್ನ, 1962ರ ಏಪ್ರಿಲ್‌ನಲ್ಲಿ ನಿಧನ. ಮುಂದೆ ಕಾರ್ಖಾನೆಗೆ ಅವರದೇ ಹೆಸರು ಬಂತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನವಾದಾಗ ಕಾರ್ಮಿಕರು ಬೀದಿಗಿಳಿದರು. ಕಾರಣ ಸರಳ: ಅಂದು ನಷ್ಟ ಕಂಡು ಓಡಿಹೋಗದೆ ಒಬ್ಬ ಮನುಷ್ಯ ಎದುರು ನಿಂತಿದ್ದು ಆ ಊರಿಗಿನ್ನೂ ನೆನಪಿದೆ.