ನೀಲಿ ರಟ್ಟಿನ ಪುಸ್ತಕದ ಮೇಷ್ಟ್ರು: ನೋವಾ ವೆಬ್‌ಸ್ಟರ್ ಬದುಕು ಮತ್ತು ಕೃತಿಸ್ವಾಮ್ಯದ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೇ ತರಗತಿಗೆ ಕೃತಿಸ್ವಾಮ್ಯದ ಬಗ್ಗೆ ಒಂದು ಪಾಠ ಮಾಡುವುದೆಂದು ನಾನು ಆರಿಸಿಕೊಂಡೆ. ವಿಜ್ಞಾನದ ಯೋಜನಾ ಪುಸ್ತಕಕ್ಕೆ ಮಕ್ಕಳು ಅಂತರ್ಜಾಲದಿಂದ ಚಿತ್ರಗಳನ್ನು ತೆಗೆದು ಅಂಟಿಸಿಕೊಂಡು ಬರುತ್ತಾರೆ. ಚಿತ್ರ ಯಾರದ್ದು ಎಂದು ಕೇಳಿದರೆ ಗೂಗಲ್‌ನದ್ದು ಎನ್ನುತ್ತಾರೆ. ಅದರ ಹಿಂದೆ ಕೂತು ಚಿತ್ರ ಬಿಡಿಸಿದ ಒಬ್ಬ ಮನುಷ್ಯ ಇದ್ದಾನೆ ಎಂಬುದು ಅವರ ಮನಸ್ಸಿಗೆ ಬಂದಿರುವುದಿಲ್ಲ. ಕಾಯಿದೆಯ ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆದರೆ ಅವರು ಅದನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಅಷ್ಟೆ. ಆದ್ದರಿಂದ ವ್ಯಾಖ್ಯೆಯ ಬದಲು ಒಬ್ಬರ ಜೀವನಕಥೆಯನ್ನೇ ಹೇಳಿ, ಬೇಕಾದ ಕಡೆ ನಿಲ್ಲಿಸಿ ವಿವರಿಸಲು ತೀರ್ಮಾನಿಸಿದೆ. ನಿಘಂಟಿನ ಮೇಲೆ ಹೆಸರು ಕಾಣುವ ನೋವಾ ವೆಬ್‌ಸ್ಟರ್ ಅವರನ್ನು ಆರಿಸಿದ್ದಕ್ಕೆ ಕಾರಣವಿದೆ. ಅವರು ಮೊದಲು ಶಾಲಾ ಮೇಷ್ಟ್ರು. ಕೃತಿಸ್ವಾಮ್ಯಕ್ಕಾಗಿ ಅವರು ಹೋರಾಡಿದ್ದು ಮಕ್ಕಳ ಪಠ್ಯಪುಸ್ತಕದಿಂದ ಶುರುವಾಯಿತು. ಆ ಪುಸ್ತಕ ಅಚ್ಚಾದಾಗ ಅವರಿಗೆ ಸುಮಾರು 25 ವರ್ಷ, ಹೆಚ್ಚುಕಡಿಮೆ ನಮ್ಮ ತರಗತಿಯ ಪ್ರಶಿಕ್ಷಣಾರ್ಥಿಗಳ ವಯಸ್ಸು.

ವೆಬ್‌ಸ್ಟರ್ ಹುಟ್ಟಿದ್ದು 1758ರ ಅಕ್ಟೋಬರ್ 16ರಂದು, ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯದ ಹಾರ್ಟ್‌ಫರ್ಡ್ ಬಳಿಯ ಒಂದು ರೈತ ಕುಟುಂಬದಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಓದಿನಲ್ಲಿ ಆಸಕ್ತಿಯಿದ್ದ ಮಗನನ್ನು ಯೇಲ್ ಕಾಲೇಜಿಗೆ ಕಳಿಸಲು ತಂದೆ ಹೊಲವನ್ನೇ ಅಡವಿಟ್ಟರು. 1774ರಲ್ಲಿ ಕಾಲೇಜು ಸೇರಿದರು. ಮರುವರ್ಷವೇ ಸ್ವಾತಂತ್ರ್ಯ ಯುದ್ಧ ಆರಂಭವಾಯಿತು. 1778ರಲ್ಲಿ ಪದವಿ ಪಡೆದು ಮನೆಗೆ ಬಂದಾಗ ತಂದೆ ಕೈಗೆ ಎಂಟು ಡಾಲರಿನ ಒಂದು ಕಾಗದದ ನೋಟು ಕೊಟ್ಟು, ಇನ್ನು ನಿನ್ನ ದಾರಿ ನೀನೇ ನೋಡಿಕೊಳ್ಳಬೇಕು ಎಂದರಂತೆ. ಯುದ್ಧದ ಕಾಲದಲ್ಲಿ ಆ ನೋಟಿನ ಬೆಲೆಯೂ ಬಿದ್ದುಹೋಗಿತ್ತು. ವಕೀಲರಾಗುವ ಆಸೆ ಇತ್ತು, ಹಣ ಇರಲಿಲ್ಲ. ಹೀಗಾಗಿ ಮೇಷ್ಟ್ರಾದರು. ಪಾಠ ಹೇಳುತ್ತಲೇ ಕಾನೂನು ಓದಿ 1781ರಲ್ಲಿ ವಕೀಲಿ ಸನ್ನದನ್ನೂ ಪಡೆದರು.

ಅಂದಿನ ಶಾಲೆಗಳಲ್ಲಿ ಒಂದೇ ಕೋಣೆ. ಬೇರೆ ಬೇರೆ ವಯಸ್ಸಿನ ಮಕ್ಕಳೆಲ್ಲ ಅದರಲ್ಲೇ. ಕೂರಲು ಸರಿಯಾದ ಬೆಂಚಿಲ್ಲ, ಓದಲು ಸಾಕಷ್ಟು ಪುಸ್ತಕವಿಲ್ಲ. ಇದ್ದ ಪುಸ್ತಕಗಳು ಇಂಗ್ಲೆಂಡಿನವು. ಅಕ್ಷರ ಮತ್ತು ಕಾಗುಣಿತ ಕಲಿಸಲು ಥಾಮಸ್ ಡಿಲ್‌ವರ್ತ್ ಎಂಬ ಇಂಗ್ಲಿಷ್ ಮೇಷ್ಟ್ರ ಪುಸ್ತಕ ಬಳಕೆಯಲ್ಲಿತ್ತು. ಅದರಲ್ಲಿ ಇಂಗ್ಲೆಂಡಿನ ಊರುಗಳ ಹೆಸರುಗಳ ಪಟ್ಟಿ ಇತ್ತು. ಕನೆಕ್ಟಿಕಟ್‌ನ ರೈತರ ಮಕ್ಕಳು ತಾವು ಎಂದೂ ಕಾಣದ ಊರುಗಳ ಹೆಸರನ್ನು ಉರುಹೊಡೆಯುತ್ತಿದ್ದರು. ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೆ ಇದರ ತೊಂದರೆ ಗೊತ್ತಾಗುತ್ತದೆ. ವೆಬ್‌ಸ್ಟರ್ ತಾವೇ ಒಂದು ಪುಸ್ತಕ ಬರೆದರು. ಸುಲಭ ಪದದಿಂದ ಕಷ್ಟದ ಪದದ ಕಡೆಗೆ ಹಂತಹಂತವಾಗಿ ಹೋಗುವ ಪಟ್ಟಿಗಳು, ಉಚ್ಚಾರಣೆಗೆ ತಕ್ಕಂತೆ ಬಿಡಿಸಿದ ಪದಗಳು, ಅಮೆರಿಕದ್ದೇ ಊರು ಮತ್ತು ಪ್ರಾಂತ್ಯಗಳ ಹೆಸರುಗಳು ಅದರಲ್ಲಿದ್ದವು. 1783ರ ಅಕ್ಟೋಬರ್‌ನಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅದರ ಮೊದಲ ಮುದ್ರಣ 5,000 ಪ್ರತಿ ಬಂತು. ಮುಂದೆ ಅದರ ನೀಲಿ ರಟ್ಟಿನಿಂದಲೇ ಅದು ಹೆಸರಾಯಿತು.

ಇಲ್ಲಿ ನಾನು ಕಥೆ ನಿಲ್ಲಿಸಿ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದೆ. ವೆಬ್‌ಸ್ಟರ್ ಅದನ್ನು ಬರೆಯುತ್ತಿದ್ದಾಗ ಪುಸ್ತಕ ಬರೆದವರನ್ನು ಕಾಪಾಡುವ ಕಾನೂನು ಅಲ್ಲಿರಲಿಲ್ಲ. ಪಕ್ಕದ ಊರಿನ ಮುದ್ರಕನೊಬ್ಬ ಈ ಪುಸ್ತಕದ ಒಂದು ಪ್ರತಿ ಕೊಂಡು, ಅದನ್ನೇ ನೋಡಿ ಮೊಳೆ ಜೋಡಿಸಿ, ಕಡಿಮೆ ಬೆಲೆಗೆ ಮಾರಿದರೆ ಏನಾಗುತ್ತದೆ? ವರ್ಷಗಟ್ಟಲೆ ಕೂತು ಬರೆದವರಿಗೆ ಏನು ಸಿಗುತ್ತದೆ? ಒಬ್ಬ ಹುಡುಗ, ಮಕ್ಕಳಿಗೆ ಕಡಿಮೆ ಬೆಲೆಗೆ ಪುಸ್ತಕ ಸಿಗುವುದು ಒಳ್ಳೆಯದೇ ಅಲ್ಲವೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಇನ್ನೊಬ್ಬಳು, ಹಾಗಾದರೆ ಅವರು ಎರಡನೇ ಪುಸ್ತಕ ಬರೆಯುವುದಿಲ್ಲ ಎಂದಳು. ಕೃತಿಸ್ವಾಮ್ಯದ ಇಡೀ ವಾದ ಈ ಎರಡು ಮಾತುಗಳ ನಡುವೆ ಇದೆ. ಬರೆದವರಿಗೆ ಒಂದಷ್ಟು ಕಾಲ ಹಕ್ಕು ಇರಬೇಕು, ಆಮೇಲೆ ಅದು ಎಲ್ಲರದ್ದಾಗಬೇಕು. ಮಕ್ಕಳಿಗೆ ನಾನು ಕೊಟ್ಟ ಸರಳ ಅರ್ಥ ಇದು: ನೀನು ಮಾಡಿದ್ದನ್ನು ಯಾರು, ಹೇಗೆ ನಕಲು ಮಾಡಬಹುದು ಎಂದು ಹೇಳುವ ಹಕ್ಕು ಒಂದು ನಿಗದಿತ ಕಾಲದವರೆಗೆ ನಿನ್ನದು.

ವೆಬ್‌ಸ್ಟರ್ ಪುಸ್ತಕ ಅಚ್ಚಾಗುವ ಮೊದಲೇ ಈ ಅಪಾಯವನ್ನು ಕಂಡಿದ್ದರು. ಆಗ 13 ರಾಜ್ಯಗಳಿಗೂ ಬೇರೆ ಬೇರೆ ಶಾಸನಸಭೆ. ಒಂದು ರಾಜ್ಯದ ರಕ್ಷಣೆ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. 1782ರಲ್ಲೇ ಹಸ್ತಪ್ರತಿ ಹಿಡಿದು ಫಿಲಡೆಲ್ಫಿಯಾದ ಕಡೆಗೆ ಹೊರಟರು, ತಮ್ಮ ರಾಜ್ಯಕ್ಕೂ ಮನವಿ ಕೊಟ್ಟರು. ಅವರೊಬ್ಬರೇ ಅಲ್ಲ, ಬೇರೆ ಲೇಖಕರೂ ಕೇಳುತ್ತಿದ್ದರು. 1783ರ ಜನವರಿಯಲ್ಲಿ ಕನೆಕ್ಟಿಕಟ್ ಅಮೆರಿಕದ ಮೊದಲ ರಾಜ್ಯ ಮಟ್ಟದ ಕೃತಿಸ್ವಾಮ್ಯ ಕಾಯಿದೆ ಮಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ಕಾಂಗ್ರೆಸ್, ಎಲ್ಲ ರಾಜ್ಯಗಳೂ ಲೇಖಕರಿಗೆ ಕನಿಷ್ಠ 14 ವರ್ಷದ ಹಕ್ಕು ಕೊಡಲಿ ಎಂದು ಶಿಫಾರಸು ಮಾಡಿತು. 1785ರಲ್ಲಿ ವೆಬ್‌ಸ್ಟರ್ ದಕ್ಷಿಣದ ರಾಜ್ಯಗಳಿಗೆ ಪ್ರವಾಸ ಹೊರಟರು. ಊರೂರುಗಳಲ್ಲಿ ಭಾಷೆಯ ಬಗ್ಗೆ ಉಪನ್ಯಾಸ ಕೊಟ್ಟರು, ಶಾಸನಸಭೆಯವರನ್ನು ಕಂಡರು. ಮೌಂಟ್ ವರ್ನನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಅವರನ್ನು ಭೇಟಿಯಾಗಿ ಪರಿಚಯ ಪತ್ರಗಳನ್ನು ಪಡೆದರು. 1786ರ ಹೊತ್ತಿಗೆ ಡೆಲವೇರ್ ಬಿಟ್ಟು ಉಳಿದ 12 ರಾಜ್ಯಗಳಲ್ಲಿ ಕಾಯಿದೆ ಬಂದಿತ್ತು. 1787ರಲ್ಲಿ ರಚನೆಯಾದ ಸಂವಿಧಾನದಲ್ಲಿ ಲೇಖಕರ ಹಕ್ಕಿಗೆ ಜಾಗ ಸಿಕ್ಕಿತು. 1790ರ ಮೇ 31ರಂದು ದೇಶಕ್ಕೆಲ್ಲ ಒಂದೇ ಕಾಯಿದೆಯಾಯಿತು. ಅವಧಿ 14 ವರ್ಷ, ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷ.

ಕಾಯಿದೆ ಬಂದ ಮೇಲೆ ವೆಬ್‌ಸ್ಟರ್ ಪುಸ್ತಕವನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಒಂದೊಂದು ಪ್ರದೇಶಕ್ಕೆ ಒಬ್ಬ ಮುದ್ರಕನಿಗೆ, ಇಷ್ಟು ವರ್ಷ, ಇಷ್ಟು ಹಣಕ್ಕೆ ಎಂದು ಷರತ್ತು ಬರೆದು ಅನುಮತಿ ಕೊಟ್ಟರು. ಜಾಲತಾಣಗಳ ನಿಯಮಗಳನ್ನು ಮಕ್ಕಳಿಗೆ ವಿವರಿಸಲು ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಇದು. ಜಾಲತಾಣದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಬಳಕೆಯ ನಿಯಮಗಳೂ ಇಂಥದೇ ಷರತ್ತುಗಳು. ಗ್ರಂಥಾಲಯದ ಬಾಗಿಲಲ್ಲಿ ಫಲಕ ಇರುತ್ತದಲ್ಲ, ಒಳಗೆ ಬಂದು ಓದಬಹುದು, ಹಾಳೆ ಹರಿಯಬಾರದು ಎಂದು, ಹಾಗೆ. ಒಪ್ಪಿಗೆ ಎಂಬ ಗುಂಡಿ ಒತ್ತಿದರೆ ಆ ಫಲಕ ಓದಿ ಒಳಗೆ ಬಂದೆ ಎಂದಂತೆ. ಕೆಲವು ತಾಣಗಳು ಓದಲು ಮಾತ್ರ ಬಿಡುತ್ತವೆ. ವಿಕಿಪೀಡಿಯದ ಬರಹವನ್ನು ಬಳಸಬಹುದು, ಆದರೆ ಎಲ್ಲಿಂದ ತೆಗೆದುಕೊಂಡಿದ್ದು ಎಂದು ಹೇಳಬೇಕು. ಅದನ್ನು ಬದಲಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಬೇರೆಯವರಿಗೂ ಬಿಡಬೇಕು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿನ ಸಾಮಾನು ನಮ್ಮದಲ್ಲ ಎಂಬುದನ್ನು ಮಕ್ಕಳು ಬೇಗ ಹಿಡಿದರು.

ಈ ಕಥೆಯಲ್ಲಿ ಮುಚ್ಚಿಡಬಾರದ ಒಂದು ಭಾಗವಿದೆ. ವೆಬ್‌ಸ್ಟರ್ ತಮ್ಮ ಪುಸ್ತಕವನ್ನು ಕಟ್ಟಿದ್ದು ಡಿಲ್‌ವರ್ತ್ ಪುಸ್ತಕದ ಮಾದರಿಯ ಮೇಲೆ. ಅವರು ಅದರಿಂದ ಎತ್ತಿಕೊಂಡಿದ್ದಾರೆ ಎಂದು ಡಿಲ್‌ವರ್ತ್‌ನ ದೆವ್ವ ಎಂಬ ಹೆಸರಿಟ್ಟುಕೊಂಡು ಒಬ್ಬರು ಪತ್ರಿಕೆಯಲ್ಲಿ ಆಗಲೇ ಟೀಕಿಸಿದ್ದರು. 1790ರ ಕಾಯಿದೆಯೂ ಅಮೆರಿಕದ ಲೇಖಕರನ್ನು ಮಾತ್ರ ಕಾಪಾಡಿತು. ಇಂಗ್ಲೆಂಡಿನ ಪುಸ್ತಕಗಳನ್ನು ಅಲ್ಲಿನ ಮುದ್ರಕರು ಕೇಳದೆ ಅಚ್ಚು ಹಾಕುವುದು 1891ರವರೆಗೂ ನಡೆಯಿತು. 1842ರಲ್ಲಿ ಅಮೆರಿಕಕ್ಕೆ ಹೋದ ಚಾರ್ಲ್ಸ್ ಡಿಕನ್ಸ್ ಇದರ ವಿರುದ್ಧ ಅಲ್ಲೇ ಮಾತಾಡಿದರು. ಹಾಗಾದರೆ ವೆಬ್‌ಸ್ಟರ್ ಮಾಡಿದ್ದು ಸರಿಯೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಾನು ಉತ್ತರವನ್ನು ಎರಡಾಗಿ ಬಿಡಿಸಿದೆ. ಅಕ್ಷರಗಳು, ಪದಗಳು, ಸುಲಭದಿಂದ ಕಷ್ಟಕ್ಕೆ ಹೋಗುವ ಉಪಾಯ, ಇವು ಯಾರ ಸ್ವತ್ತೂ ಅಲ್ಲ. ನ್ಯೂಟನ್‌ನ ನಿಯಮವೂ ಹಾಗೆಯೇ, ಯಾರು ಬೇಕಾದರೂ ಕಲಿಸಬಹುದು. ಆದರೆ ಆ ನಿಯಮವನ್ನು ಒಬ್ಬ ಲೇಖಕ ವಿವರಿಸಿದ ವಾಕ್ಯಗಳು ಮತ್ತು ಬಿಡಿಸಿದ ಚಿತ್ರ ಆ ಲೇಖಕನವು. ವಿಷಯಕ್ಕೆ ಒಡೆಯರಿಲ್ಲ, ಅದನ್ನು ಹೇಳಿದ ರೀತಿಗೆ ಒಡೆಯರಿದ್ದಾರೆ. ವೆಬ್‌ಸ್ಟರ್ ಎಲ್ಲಿ ವಿಷಯ ತೆಗೆದುಕೊಂಡರು, ಎಲ್ಲಿ ರೀತಿ ತೆಗೆದುಕೊಂಡರು ಎಂಬ ವಾದವನ್ನು ಮಕ್ಕಳಿಗೇ ಬಿಟ್ಟೆ. ಆ ದಿನದ ತರಗತಿಯಲ್ಲಿ ಹೆಚ್ಚು ಸದ್ದಾಗಿದ್ದು ಆಗಲೇ.

ಆ ಪುಸ್ತಕದ ಆದಾಯವೇ ವೆಬ್‌ಸ್ಟರ್ ಅವರನ್ನು ಸಾಕಿತು. 1806ರಲ್ಲಿ ಒಂದು ಚಿಕ್ಕ ನಿಘಂಟು ತಂದರು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ದೊಡ್ಡ ನಿಘಂಟಿಗೆ ದುಡಿದರು. ಪದಗಳ ಮೂಲ ಹುಡುಕಲು ಹಲವು ಭಾಷೆಗಳನ್ನು ಕಲಿತರು, ಪ್ಯಾರಿಸ್ ಮತ್ತು ಕೇಂಬ್ರಿಜ್‌ನ ಗ್ರಂಥಾಲಯಗಳಿಗೆ ಹೋದರು. 1828ರಲ್ಲಿ 70,000 ಪದಗಳ ನಿಘಂಟು ಎರಡು ಸಂಪುಟಗಳಲ್ಲಿ ಬಂತು. ಆಗ ಅವರಿಗೂ 70 ವರ್ಷ. ಬೆಲೆ 20 ಡಾಲರ್, ಅಮೆರಿಕದಲ್ಲಿ ಅಚ್ಚಾದದ್ದು 2,500 ಪ್ರತಿ. ಕೊಳ್ಳುವವರು ಕಡಿಮೆ. ಅವಧಿ ಹೆಚ್ಚಿಸುವಂತೆ ಕೇಳಲು ಆ ವಯಸ್ಸಿನಲ್ಲೂ ಚಳಿಗಾಲದಲ್ಲಿ ವಾಷಿಂಗ್ಟನ್ ನಗರಕ್ಕೆ ಹೋದರು. 1831ರ ಫೆಬ್ರವರಿಯಲ್ಲಿ ಬಂದ ಹೊಸ ಕಾಯಿದೆ ಅವಧಿಯನ್ನು 28 ವರ್ಷಕ್ಕೆ ಏರಿಸಿತು, ಮೇಲೆ 14 ವರ್ಷದ ನವೀಕರಣ. ಲೇಖಕ ತೀರಿಕೊಂಡರೆ ಹೆಂಡತಿ ಮಕ್ಕಳು ನವೀಕರಿಸಲೂ ಅವಕಾಶವಾಯಿತು. ನಿಘಂಟಿನ ಎರಡನೆಯ ಆವೃತ್ತಿಗೆ ಹಣ ಸಾಲದೆ ಮನೆಯನ್ನು ಅಡವಿಟ್ಟರು. ಮಗನ ಓದಿಗೆ ತಂದೆ ಹೊಲ ಅಡವಿಟ್ಟಿದ್ದರು, ಪುಸ್ತಕಕ್ಕೆ ಮಗ ಮನೆ ಅಡವಿಟ್ಟರು. 1843ರ ಮೇ 28ರಂದು ನ್ಯೂ ಹೇವನ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ನಿಘಂಟಿನ ಹಕ್ಕನ್ನು ಮೆರಿಯಮ್ ಸಹೋದರರು ಕೊಂಡರು. 1847ರ ಆವೃತ್ತಿಯ ಹಕ್ಕಿನ ಅವಧಿ 1889ರಲ್ಲಿ ಮುಗಿಯಿತು. ವೆಬ್‌ಸ್ಟರ್ ಎಂಬ ಹೆಸರನ್ನು ಬೇರೆ ಪ್ರಕಾಶಕರೂ ತಮ್ಮ ನಿಘಂಟುಗಳ ಮೇಲೆ ಹಾಕತೊಡಗಿದರು. ಅವಧಿ ಮುಗಿದರೆ ಕೃತಿ ಎಲ್ಲರದ್ದಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನನಗೆ ಬೇರೆ ಸಿಗಲಿಲ್ಲ.

ಇಲ್ಲಿಂದ ನಮ್ಮ ದೇಶದ ಕಾಯಿದೆಗೆ ಬರುವುದು ಸುಲಭ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ಬದುಕಿರುವವರೆಗೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷವೂ ಹಕ್ಕು ಇರುತ್ತದೆ. ಡಿ.ವಿ.ಗುಂಡಪ್ಪನವರು ತೀರಿಕೊಂಡಿದ್ದು 1975ರಲ್ಲಿ. ಹಾಗಾದರೆ ಅವರ ಪುಸ್ತಕಗಳ ಹಕ್ಕು ಯಾವ ವರ್ಷದ ಕೊನೆಯವರೆಗೆ? ಹಲಗೆಯ ಮೇಲೆ ಲೆಕ್ಕ ಮಾಡಿ 2035 ಎಂದು ಮಕ್ಕಳೇ ಹೇಳಿದರು. ಹಕ್ಕು ಪಡೆಯಲು ಎಲ್ಲೂ ನೋಂದಾಯಿಸಬೇಕಾಗಿಲ್ಲ ಎಂದಾಗ ಅವರಿಗೆ ಆಶ್ಚರ್ಯ. ಶಾಲೆಯ ಗೋಡೆ ಪತ್ರಿಕೆಗೆ ನೀನು ಬರೆದ ಕವನ, ಬಿಡಿಸಿದ ಚಿತ್ರ, ಬರೆದ ಕ್ಷಣದಿಂದಲೇ ನಿನ್ನದು. ಲೇಖಕರು ಹಣದ ಹಕ್ಕನ್ನು ಮಾರಿದ ಮೇಲೂ ಇದು ನನ್ನದು ಎಂದು ಹೆಸರು ಹೇಳಿಕೊಳ್ಳುವ ಹಕ್ಕು ಅವರಲ್ಲೇ ಉಳಿಯುತ್ತದೆ ಎಂಬುದನ್ನೂ ಸೇರಿಸಿದೆ. ತನ್ನ ಚಿತ್ರದ ಕೆಳಗೆ ಇನ್ನೊಬ್ಬರ ಹೆಸರಿದ್ದರೆ ಹೇಗನಿಸುತ್ತದೆ ಎಂಬುದು ಎಂಟನೇ ತರಗತಿಯವರಿಗೆ ಯಾವ ಸೆಕ್ಷನ್ನೂ ಇಲ್ಲದೆ ಗೊತ್ತು.

ಮಕ್ಕಳನ್ನು ಹೆದರಿಸಿ ಕಳಿಸುವುದು ಪಾಠದ ಉದ್ದೇಶವಲ್ಲ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಕೃತಿಯ ಭಾಗವನ್ನು ಬಳಸಲು, ಪ್ರಶ್ನೆಪತ್ರಿಕೆಯಲ್ಲಿ ಕೊಡಲು ನಮ್ಮ ಕಾಯಿದೆಯಲ್ಲೇ ಅವಕಾಶವಿದೆ. ತರಗತಿಯ ಯೋಜನಾ ಪುಸ್ತಕ ಬೇರೆ, ಅದನ್ನೇ ಅಚ್ಚು ಹಾಕಿ ಮಾರುವುದು ಬೇರೆ. ಕೊನೆಗೆ ಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆ. ಇದನ್ನು ಮಾಡಿದವರು ಯಾರು? ಬಳಸಲು ಅವರು ಏನು ಹೇಳಿದ್ದಾರೆ? ನಾನು ಇದನ್ನು ಎಲ್ಲಿ, ಯಾರಿಗೆ ತೋರಿಸುತ್ತೇನೆ? ಅವರ ಹೆಸರು ಬರೆದಿದ್ದೇನೆಯೇ? ಹೆಸರು ಬರೆದರೆ ಪ್ರಾಮಾಣಿಕತೆ ಆಯಿತು, ಅನುಮತಿ ಬೇಕಾದ ಕಡೆ ಅದು ಅನುಮತಿಗೆ ಬದಲಾಗುವುದಿಲ್ಲ ಎಂಬ ವ್ಯತ್ಯಾಸವನ್ನು ಎರಡು ಸಲ ಹೇಳಬೇಕಾಯಿತು. ಸಹಪಾಠಿಗಳು ಈ ಪಾಠ ಮಾಡುವುದಾದರೆ ಅಲ್ಲಿಗೆ ಹೆಚ್ಚು ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.

ಮೌಲ್ಯಮಾಪನಕ್ಕೆ ಪ್ರಶ್ನೋತ್ತರದ ಬದಲು ಒಂದು ಕೆಲಸ ಕೊಟ್ಟೆ: ಎಲೆಯ ಅಡ್ಡಛೇದದ ಚಿತ್ರವನ್ನು ಪುಸ್ತಕ ನೋಡಿ ಅರ್ಥ ಮಾಡಿಕೊಂಡು, ಪುಸ್ತಕ ಮುಚ್ಚಿ ತಾವೇ ಬಿಡಿಸಿ, ಕೆಳಗೆ ತಮ್ಮ ಹೆಸರನ್ನೂ ನೋಡಿದ ಪುಸ್ತಕದ ಹೆಸರನ್ನೂ ಬರೆಯುವುದು. ಮರುದಿನ ಬಂದ ಚಿತ್ರಗಳಲ್ಲಿ ಗೆರೆ ಸೊಟ್ಟಗಿದ್ದವು, ಪತ್ರರಂಧ್ರಗಳು ಕೆಲವು ಕಡೆ ಜಾಗ ತಪ್ಪಿದ್ದವು. ತಪ್ಪು ಇದ್ದ ಕಡೆ ಮತ್ತೆ ಕಲಿಸಲು ನನಗೆ ದಾರಿಯಾಯಿತು. ಅಂಟಿಸಿದ ಚಿತ್ರಗಳಲ್ಲಿ ಮಗುವಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ಕಾಣುವುದೇ ಇಲ್ಲ.